ಇನ್ನಾದರೂ ಮಲಗಲಿ

ಬಿಳಿ ಹೊದಿಕೆಗೆ ನೀರು ಚಿಮುಕಿಸಿ ಮುದುಕ ಮತ್ತೊಮ್ಮೆ ಇಸ್ತ್ರಿಪೆಟ್ಟಿಗೆ ಒತ್ತಿದ. ಒಳಗೆ ಮಲಗಿಸಿದ್ದ ಹೆಂಡತಿಯ ಹೆಣಕ್ಕೆ ಹೊದಿಸಲು ಅದು ಬೇಕಿತ್ತು.

“ಇನ್ನೆಷ್ಟು ಉಜ್ತೀಯ ಮಾರಾಯ, ಸುಟ್ಟೋಗುತ್ತೆ,” ಎಂದ ಪಕ್ಕದಂಗಡಿಯ ದರ್ಜಿ.

“ಸುಕ್ಕಿದ್ರೆ ಎದ್ದು ಬಂದು ಬೈತಾಳೆ.”

“ಬೈಯ್ಲಿ ಬಿಡು. ಅದಕ್ಕಿಂತ ಇನ್ನೇನು ಬೇಕು ನಮಗೆ.” ದರ್ಜಿ ಮೂಗೊರೆಸಿಕೊಂಡ. “ಸೊಂಟದ ಮೂಳೆ ಮುರಿದ್ರೂ ಉಳೀತಾಳೆ ಅಂದ್ಕೊಂಡಿದ್ವಿ. ಆಪರೇಷನ್ನೇ ಕೆಟ್ಟಿತೇನೋ.”

ಮುದುಕ ಹೊದಿಕೆಯನ್ನು ಮಗುಚಿ ಇನ್ನೊಂದು ಮಗ್ಗುಲಿಗೂ ನೀರು ಚಿಮುಕಿಸಿದ.

ಮಗಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಅಪ್ಪ, ದೊಡ್ಡಮ್ಮನಿಗೆ ಕಾಗದ ಹಾಕಿದ್ಯಾ?”

“ನಾಳೆ ನೋಡೋಣ.”

“ಇನ್ನೆಷ್ಟು ನಾಳೆ? ಅವರೂ ಬಿದ್ದು, ಆಪರೇಷನ್ ಆಗಿ ಮಲಗಿದಾರೆ. ಎದ್ದು ನಿಲ್ಲಮ್ಮ ಅಂತ ಮಗ ಅಂದ್ರೆ, ಬೇಕಂತ ನೋಯಿಸ್ತಾನೆ ಅಂತಾರಂತೆ. ತಂಗಿ ಏನು ಮಾಡಿದ್ಲು ಅಂತ ಅವಳ ಗಂಡನೇ ಬರೀಲಿ, ಹಾಗೇ ಮಾಡ್ತೀನಿ ಅಂತ ಹಟ. ಫೋನು ಕಿವಿಗೆ ಕೇಳಿಸಲ್ಲ. ನೀನೇ ಬರೀಬೇಕು.”

“ಏನಂತ ಬರೀಲಿ?”

“ಆಗಿದ್ದನ್ನೇ.”

*

ಹೆಂಡತಿಯ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಮರುದಿನವೇ ನರ್ಸು ಬಂದು, “ಅಜ್ಜಿ, ಏಳಿ, ನಿಲ್ಲಬೇಕು,” ಎಂದಳು. ಎದ್ದವಳು ನೋವಿಗೆ ಕಿರುಚಿದಳು. ಮುದುಕ ಅವಳನ್ನು ಹಿಡಿದು ಮತ್ತೆ ಮಲಗಿಸಿದ.

“ಜೀವಮಾನವೆಲ್ಲ ಇಸ್ತ್ರಿ ಮೇಜಿನ ಮುಂದೆ ನಿಂತೇ ಸವೆದಿದಾಳಮ್ಮ. ಇನ್ನಾದರೂ ಮಲಗಲಿ.”

ಮನೆಗೆ ತಂದ ಮೇಲೆ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡ. ಊಟ, ಮೈ ಒರೆಸುವುದು, ಎಲ್ಲ ಹಾಸಿಗೆಯಲ್ಲೇ. ಒಮ್ಮೆ ಅವಳೇ, “ಸ್ವಲ್ಪ ಕೈ ಕೊಡಿ, ನಿಂತು ನೋಡ್ತೀನಿ,” ಎಂದಳು.

“ನಾನಿಲ್ವಾ? ನಿನಗ್ಯಾಕೆ ಆ ಪಾಡು? ಮಹಾರಾಣಿ ಹಾಗೆ ಬಿದ್ಕೋ.”

“ಮಹಾರಾಣಿಗೆ ಬೆನ್ನು ಉರೀತಿದೆ ಕಣ್ರೀ,” ಎಂದು ನಕ್ಕಳು. ಮತ್ತೆ ಕೇಳಲಿಲ್ಲ.

ಬೆನ್ನಿನ ಕೆಳಗೆ ಹುಣ್ಣಾಯಿತು. ಆಮೇಲೆ ಕೆಮ್ಮು, ಜ್ವರ. ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗೊರ ಎಂದಾಗ ಆಸ್ಪತ್ರೆಗೆ ಒಯ್ದರು. “ಇವರನ್ನ ಎಬ್ಬಿಸಿ ನಡೆಸಲೇ ಇಲ್ವಾ?” ಎಂದು ಡಾಕ್ಟರು ಕೇಳಿದರು. “ಮಲಗೇ ಇದ್ದಿದ್ದಕ್ಕೆ ಎದೆ ಕಟ್ಟಿದೆ.”

*

ಹೊದಿಕೆ ಹೊದಿಸಿ ಬಂದ ಮುದುಕ, ಇಸ್ತ್ರಿ ಮೇಜಿನ ಮುಂದೆ ನಿಂತುಕೊಂಡೇ ಬರೆದ:

“ಅಕ್ಕ, ನಿಮ್ಮ ತಂಗಿ ನಿನ್ನೆ ತೀರಿಕೊಂಡಳು. ಆಪರೇಷನ್ ಕೆಟ್ಟಿರಲಿಲ್ಲ. ಏಳುತ್ತೇನೆ ಎಂದವಳನ್ನು ನಾನೇ ಮಲಗಿಸಿದೆ. ನೀವು ಏಳಿ. ತುಂಬ ನೋಯುತ್ತದೆ. ಆದರೂ ಏಳಿ.”

ಹೆಣದ ವ್ಯಾನು ಅಂಚೆ ಕಚೇರಿಯ ಎದುರು ಬಂದಾಗ ಅವನು ಡ್ರೈವರನ ಭುಜ ತಟ್ಟಿದ.

“ಇಲ್ಲಿ ನಿಲ್ಲಿಸೋ ಹಾಗಿಲ್ಲ ಅಜ್ಜ.”

“ನಿಲ್ಲಿಸಪ್ಪ.”

ಹಿಂದೆ ನಡೆದು ಬರುತ್ತಿದ್ದವರೆಲ್ಲ ರಸ್ತೆಯಲ್ಲೇ ನಿಂತರು. ಹಾರನ್ ಹೊಡೆಯುತ್ತಿದ್ದ ಲಾರಿಗೆ ದರ್ಜಿ ಎರಡೂ ಕೈ ಅಡ್ಡ ಹಿಡಿದ. ಮುದುಕ ಒಬ್ಬನೇ ಇಳಿದು ಹೋಗಿ ಡಬ್ಬಿಯ ಬಾಯಿಗೆ ಕಾಗದ ತೂರಿಸಿದ. ಎಲ್ಲಿ ಸಿಕ್ಕಿಕೊಂಡೀತೋ ಎಂದು ಬೆರಳು ಒಳಗೆ ಹಾಕಿ, ಇನ್ನಷ್ಟು ಕೆಳಕ್ಕೆ ನೂಕಿದ.