ಕಂಬಿಯ ಮೇಲಿನ ಹಕ್ಕಿ

ಮಾದರಿಗೆಂದು ಪ್ರೆಸ್ಸಿನಲ್ಲಿ ಉಳಿಸಿಕೊಂಡಿದ್ದ ಇಸ್ಪೀಟು ಪ್ಯಾಕನ್ನು ಬಿಚ್ಚಿ, ಎಲೆಗಳನ್ನು ಬೆನ್ನು ಮೇಲಾಗಿ ಹರಡಿದಾಗ ಅವಳ ಕಣ್ಣು ಹಕ್ಕಿಯ ಮೇಲೆ ಬಿತ್ತು. ಬಿದ್ದದ್ದೇ ತಡ, ಒಂದೆಲೆಯನ್ನು ತಲೆಕೆಳಗು ಮಾಡಿ ನೋಡಿದಳು.

ಹಕ್ಕಿಯನ್ನು ಬರೆದವಳು ಅವಳೇ. ಕಂಟ್ರಾಕ್ಟರಿಗೆ ಅರವತ್ತು ತುಂಬಿತೆಂದು ಮಾವನ ಪ್ರೆಸ್ಸಿನಲ್ಲಿ ಇಸ್ಪೀಟೆಲೆ ಅಚ್ಚಾಗಿ, ತಿಂಗಳ ಹಿಂದೆಯೇ ಅವರ ಮನೆ ಸೇರಿತ್ತು. ಸ್ಪೇಡಿಗೆ ಗಾರೆಯವರ ಕರಣೆ, ಡೈಮಂಡಿಗೆ ನೆಲದ ಟೈಲು. ನಾಲ್ಕೂ ರಾಜರು ಕಂಟ್ರಾಕ್ಟರೇ, ಕಿರೀಟದ ಬದಲು ಹೆಲ್ಮೆಟ್ಟು. ರಾಣಿ ಅವರ ಹೆಂಡತಿ. ಗುಲಾಮನಿಗೆ ಯಾರ ಮುಖ ಎಂದು ಕೇಳಿದ್ದಕ್ಕೆ, "ನನ್ನ ಭಾಮೈದಂದು ಹಾಕು, ಅವನಿಗೆ ಅಭ್ಯಾಸ ಇದೆ" ಎಂದಿದ್ದರು.

ಬೆನ್ನಿಗೆ ಅವರೇ ಕಟ್ಟಿಸಿದ ಸೇತುವೆ. ಬೆನ್ನನ್ನು ಅರ್ಧ ಬರೆದು, ಅದನ್ನೇ ತಲೆಕೆಳಗು ಮಾಡಿ ಉಳಿದರ್ಧಕ್ಕೆ ಕೂಡಿಸಬೇಕು. ಎಲೆಯನ್ನು ಹೇಗೆ ಹಿಡಿದರೂ ಒಂದೇ ಥರ ಕಾಣಬೇಕು. ಕೂಡಿಸಿದ ಮೇಲೆ ಸೇತುವೆಯ ಕಂಬಿ ಬೋಳುಬೋಳಾಗಿ ಕಂಡು, ತುದಿಯಲ್ಲೊಂದು ಕಾಳಿನಷ್ಟು ಹಕ್ಕಿ ಕೂರಿಸಿದ್ದಳು. ತಲೆಕೆಳಗಾದ ಇನ್ನರ್ಧದ ಕಂಬಿಯ ಮೇಲೆ ಕೂರಿಸುವುದು ಮರೆತಿತ್ತು. ಈಗ ಬೇಕಾದ ಎಲೆಗಳನ್ನಷ್ಟೇ ತಿರುಗಿಸಿಟ್ಟುಕೊಂಡರೆ ಸಾಕು, ಎಷ್ಟು ಕಲೆಸಿದರೂ ಎದುರಿನವರ ಕೈಯಲ್ಲಿ ಅವು ಎಷ್ಟಿವೆಯೆಂದು ಬೆನ್ನು ನೋಡಿಯೇ ಹೇಳಬಹುದು.

"ಅಷ್ಟು ಸಣ್ಣದನ್ನ ಯಾರು ನೋಡ್ತಾರೆ, ಬಿಡೆ" ಎಂದ ಮಾವ. ಹಾಗೆನ್ನುತ್ತ ಕನ್ನಡಕ ತೆಗೆದು ಮೂರು ಸಲ ಒರೆಸಿಕೊಂಡ.

"ಹೋದ್ವರ್ಷ ಎಲೆಗೆ ಉಗುರಲ್ಲಿ ಗೀರು ಹಾಕಿದ್ರು ಅಂತ ಕಂಟ್ರಾಕ್ಟರು ಆ ಲಾರಿ ಯಜಮಾನರನ್ನ ಏನ್ಮಾಡಿದ್ರು, ಮಾವ?"

ಮಾವ ಕನ್ನಡಕವನ್ನು ಮತ್ತೆ ಮೂಗಿಗೇರಿಸಿಕೊಂಡ. ಲಾರಿ ಯಜಮಾನರು ಈಗ ಎಡಗೈಯಲ್ಲಿ ಸಹಿ ಮಾಡಲು ಕಲಿಯುತ್ತಿದ್ದಾರೆಂಬುದು ಊರಿಗೇ ಗೊತ್ತಿತ್ತು.

"ನಾನೇ ಹೋಗಿ ಹೇಳ್ಬಿಡ್ತೀನಿ. ಅವರಾಗೇ ಕಂಡುಹಿಡಿದ್ರೆ ಬೇಕಂತ ಮಾಡಿದೀನಿ ಅಂದ್ಕೋತಾರೆ."

"ಹೇಳು. ನನ್ನ ಹೆಸರು ಮಾತ್ರ ಎತ್ಬೇಡ. ಡಬ್ಬಿ ಮೇಲೆ ಅಚ್ಚಾಗಿದೆಯಲ್ಲ, ಅಷ್ಟೇ ಸಾಕು."

ಕಂಟ್ರಾಕ್ಟರ ಮನೆಯಲ್ಲಿ ಶನಿವಾರದ ಇಸ್ಪೀಟಾಟ ಮೂರು ಗಂಟೆಗೆ. ಎರಡಕ್ಕೇ ಹೋಗಿ ಬೆಲ್ಲು ಒತ್ತಿದಳು. ಬಾಗಿಲು ತೆಗೆದದ್ದು ಕಂಟ್ರಾಕ್ಟರ ಹೆಂಡತಿ.

"ಅವರು ಸ್ನಾನಕ್ಕೆ ಹೋಗಿದಾರೆ. ಕೂತ್ಕೊಮ್ಮ."

ಮೇಜಿನ ಮೇಲೆ ಪ್ಯಾಕು ಆಗಲೇ ಕಾಯುತ್ತಿತ್ತು. ದಾರಿಯುದ್ದಕ್ಕೂ ಕಂಟ್ರಾಕ್ಟರಿಗೆಂದು ಜೋಡಿಸಿಕೊಂಡು ಬಂದ ಮಾತನ್ನು ಈಕೆಗೇ ಒಂದೇ ಉಸಿರಿಗೆ ಒಪ್ಪಿಸಿದಳು. ಆಕೆ ಚಿತ್ರದ ರಾಣಿಯಷ್ಟೇ ನಿರಾಳವಾಗಿ ಕೇಳಿಸಿಕೊಂಡರು.

"ಮೊದಲ್ನೇ ದಿನವೇ ನೋಡ್ದೆ" ಎಂದರು. "ಮೂವತ್ತೆಂಟು ವರ್ಷ ಇವರಿಗೆಲ್ಲ ಕಾಫಿ ಕೊಟ್ಕೊಂಡು ಬೆನ್ನ ಹಿಂದೆ ಓಡಾಡಿದೀನಿ. ಒಬ್ಬರೂ ಬಾ ಕೂತ್ಕೋ ಅನ್ಲಿಲ್ಲ. ಲಾರಿಯವರ ಜಾಗ ಖಾಲಿಯಾಯ್ತು ನೋಡು, ಆಗ ಕೂರಿಸ್ಕೊಂಡ್ರು. ಎಕ್ಕ, ರಾಜ ಎಲ್ಲ ತಿರುಗಿಸಿಟ್ಟಿದೀನಿ. ಮೂರು ವಾರದಿಂದ ನಂದೇ ಗೆಲುವು."

"ಅಮ್ಮಾ, ಅವರಿಗೆ ಗೊತ್ತಾದ್ರೆ..."

"ನೀನು ಹೇಳಿದ್ರೆ ಗೊತ್ತಾಗತ್ತೆ." ದನಿ ಇಳಿಯಿತು. "ಹೇಳ್ತೀಯಾ?"

ಬಚ್ಚಲಮನೆಯ ಚಿಲಕ ಸರಿದ ಸದ್ದಾಯಿತು. ಕಂಟ್ರಾಕ್ಟರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದರು.

"ಓಹೋ, ನಮ್ಮ ಚಿತ್ರಗಾರ್ತಿ. ಏನಮ್ಮ, ಇಷ್ಟು ದೂರ?"

ಹೇಳಿದರೆ ಈಕೆಯ ಕೈ, ಹೇಳದಿದ್ದರೆ ತನ್ನದು. ಆಕೆ ಇವಳತ್ತ ನೋಡಲೂ ಇಲ್ಲ. ಮೇಜಿನ ಮೇಲಿಲ್ಲದ ಧೂಳನ್ನು ಬೆರಳಿನಿಂದ ಒರೆಸುತ್ತಿದ್ದರು.

"ಎಲೆ ಹಿಡಿಸ್ತಾ ಅಂತ ಕೇಳಿಹೋಗೋಣ ಅಂತ, ಸರ್."

"ಹಿಡಿಸ್ದೇ ಏನು. ಮೂಗು ಒಂಚೂರು ದೊಡ್ಡದಾಯ್ತು, ಅದು ನಮ್ಮಪ್ಪನ ತಪ್ಪು, ನಿಂದಲ್ಲ. ಬಾ, ಅವರೆಲ್ಲ ಬರೋ ತನಕ ಮೂವರೂ ಒಂದಾಟ ಹಾಕೋಣ."

"ನಂಗೆ ಆಡಕ್ಕೆ ಬರಲ್ಲ ಸರ್."

"ಐವತ್ನಾಲ್ಕು ಎಲೆ ಬರೆದವಳಿಗೆ ಏಳೆಲೆ ಹಿಡ್ಕೊಳಕ್ಕೆ ಬರಲ್ವಾ?"

ಕಲೆಸಿ, ಏಳೇಳು ಹಂಚಿದರು. ಬೇಡಬೇಡವೆಂದರೂ ಅವಳ ಕಣ್ಣು ಅವರ ಕೈಗೇ ಹೋಯಿತು. ಬಿಚ್ಚಿ ಹಿಡಿದ ಎಲೆಗಳಲ್ಲಿ ನಾಲ್ಕರ ಅಂಚಿನಲ್ಲಿ ಹಕ್ಕಿಯಿತ್ತು. ಮೂರರಲ್ಲಿ ಬರೀ ಕಂಬಿ, ತಿರುಗಿಸಿಟ್ಟ ದೊಡ್ಡೆಲೆಗಳು. ಅವರ ಹೆಂಡತಿಯೂ ಎಣಿಸಿ ಮುಗಿಸಿ, ತಮ್ಮೆಲೆಗಳಿಗೆ ಕಣ್ಣು ತಂದುಕೊಂಡದ್ದು ಕಂಡಿತು.

"ಆ ಹಕ್ಕಿ," ಎಂದರು ಕಂಟ್ರಾಕ್ಟರು, ತಲೆ ಎತ್ತದೆ, "ನಾನು ಹೇಳಿರ್ಲಿಲ್ಲ ಅಲ್ವಾ?"

"ಇಲ್ಲ ಸರ್. ಜಾಗ ಖಾಲಿ ಕಾಣ್ತಿತ್ತು."

"ಚೆನ್ನಾಗಿದೆ."

ಒಂದೆಲೆಯನ್ನು ಎಳೆದು, ಬೆರಳುಗಳ ನಡುವೆಯೇ ಸುತ್ತು ತಿರುಗಿಸಿ, ಮತ್ತೆ ಸಿಕ್ಕಿಸಿಕೊಂಡರು. ಅವಸರವಿಲ್ಲದೆ ಇನ್ನೊಂದನ್ನು. ಆಮೇಲೆ ಮೂರನೆಯದನ್ನು. ಒಂದೊಂದಾಗಿ ಮೂರು ಹಕ್ಕಿಗಳೂ ಬಂದು ಕಂಬಿಯ ಮೇಲೆ ಕೂತವು.

ಮೇಜಿನ ಆಚೆ, ಅವರ ಹೆಂಡತಿ ಎಲೆಗಳನ್ನು ಎಡಗೈಗೆ ದಾಟಿಸಿದರು. ಬಲಗೈ ಮೆಲ್ಲನೆ ಮಡಿಲಿಗೆ ಇಳಿಯಿತು.