ಮಲ್ಲವ್ವನಿಗೆ ಎರಡು ಸ್ಟಾರ್

ಬೊರಿವಲಿಯ ಶಾಂತಿ ಶಿಖರ ಸೊಸೈಟಿಯ ಗೇಟಿನಲ್ಲಿ ಮಲ್ಲವ್ವನ ಫೋಟೋ ದಿನಾ ಎರಡು ಸಲ ತೆಗೆಯುತ್ತಿದ್ದರು. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ. ಮದುವೆಯಲ್ಲೂ ಯಾರೂ ತನ್ನ ಇಷ್ಟು ಫೋಟೋ ತೆಗೆದಿರಲಿಲ್ಲ ಎಂದು ಅವಳು ನಗುತ್ತಿದ್ದಳು. ಇಂಡಿ ಕಡೆಯಿಂದ ಬಂದು ಹದಿನೆಂಟು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಕಾಲೇಜಿಗೆ ಹೋಗುವ ಮಗಳು ಸೌಮ್ಯಾಳ ಜೊತೆ ನಾಲಾಸೋಪಾರಾದ ಚಾಳಿನಲ್ಲಿದ್ದಳು. ಬೆಳಿಗ್ಗೆ ಲೋಕಲ್ ಹಿಡಿದು ಬಂದು ಈ ಬಿಲ್ಡಿಂಗಿನ ಮೂರು ಮನೆಗೆ ಅಡುಗೆ ಮಾಡಿ ಸಂಜೆ ಮರಳುತ್ತಿದ್ದಳು.

ಸೊಸೈಟಿಯ ಆ್ಯಪಿನಲ್ಲಿ ಅವಳ ಹೆಸರು, ಊರು, ಆಧಾರ್ ನಂಬರು, ಎಷ್ಟಕ್ಕೆ ಬಂದಳು, ಎಷ್ಟಕ್ಕೆ ಹೋದಳು ಎಲ್ಲವೂ ಇತ್ತು. ಅದರ ಕೆಳಗೆ ಅವಳ ಕೆಲಸಕ್ಕೆ ಸ್ಟಾರ್. ಸ್ಟಾರ್ ಕೊಟ್ಟವರ ಹೆಸರಿರಬೇಕಾದ ಜಾಗದಲ್ಲಿ ಮಾತ್ರ ‘ಒಬ್ಬ ನಿವಾಸಿ’ ಎಂದಷ್ಟೇ ಇರುತ್ತಿತ್ತು.

ಒಂದು ಸೋಮವಾರ ಗೇಟಿನ ವಾಚ್‌ಮನ್ ಪರಪ್ಪ ಅವಳನ್ನು ಪಕ್ಕಕ್ಕೆ ಕರೆದ. ಅವನು ಇಂಡಿಯ ಪಕ್ಕದ ಸಿಂದಗಿ ಕಡೆಯವನು.

“ಮಲ್ಲವ್ವಕ್ಕ, ನಿನ್ನ ಸ್ಟಾರ್ ಬಿದ್ದಾವ ನೋಡು. ಯಾರೋ ಎರಡ ಕೊಟ್ಟಾರ. ಇಂಗ್ಲಿಷ್‌ನ್ಯಾಗ ಏನೋ ಬರದಾರ, ನನಗ ಓದಾಕ ಬರಂಗಿಲ್ಲ.”

ಮಲ್ಲವ್ವ ಪರಪ್ಪನ ಟ್ಯಾಬನ್ನೇ ಎತ್ತಿಕೊಂಡು ಆರನೇ ಮಹಡಿಗೆ ಹೋದಳು. ಅಲ್ಲಿ ಧಾರವಾಡದ ಅನುರಾಧಾ ಇದ್ದಳು. ಗಂಡನ ಹೆಸರು ಶ್ರೀಮಂತ, ಬ್ಯಾಂಕಿನಲ್ಲಿ ಅಧಿಕಾರಿ. ಮಲ್ಲವ್ವ ಆ ಮನೆಯಲ್ಲಿ ಆರು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದಳು. ಇಡೀ ಬಿಲ್ಡಿಂಗಿನ ಹೆಂಗಸರಲ್ಲಿ ಅವಳ ಜೊತೆ ಕನ್ನಡ ಮಾತಾಡುವವಳು ಅನುರಾಧಾ ಒಬ್ಬಳೇ.

“ಅಕ್ಕಾರ, ಇದರಾಗ ಏನ್ ಬರದಾರ ಓದಿ ಹೇಳ್ರಿ.”

ಅನುರಾಧಾ ಕನ್ನಡಕ ಕೂಡ ಹಾಕಿಕೊಳ್ಳದೆ ಗಡಗಡ ಓದಿಬಿಟ್ಟಳು. “ಮಾತು ಜಾಸ್ತಿ, ಉಪ್ಪು ಕಡಿಮೆ, ಕೈ ನಿಧಾನ ಅಂತ ಬರದಾರ.”

“ಯಾರ್ರಿ ಬರದವರು?”

“ಯಾರೋ ಏನೋ! ಹೆಸರಿಲ್ಲಲ್ಲ. ಮಂದಿಗೆ ಮಾಡಾಕ ಕೆಲಸ ಇಲ್ಲ. ನೀ ಮನಸಿಗೆ ಹಚಗೋಬ್ಯಾಡ, ಚಹಾ ಕುಡಿ.”

ಮಲ್ಲವ್ವ ಮನಸ್ಸಿಗೆ ಹಚ್ಚಿಕೊಂಡಳು. ಯಾಕೆಂದರೆ ಅದೇ ದಿನ ಒಂಬತ್ತನೇ ಮಹಡಿಯ ಸೋನಾಲಿ ಮೇಡಂ ಫೋನ್ ಮಾಡಿ, ನಾಳೆಯಿಂದ ಬರಬೇಡ, ನಿನ್ನ ರೇಟಿಂಗ್ ಸರಿಯಿಲ್ಲ ಅಂದಳು. ಅವಳ ಮನೆಯ ಮಧ್ಯಾಹ್ನದ ಕೆಲಸ ಮೊನ್ನೆ ತಾನೆ ಗಟ್ಟಿಯಾಗಿ, ನಾಳೆ ಶುರುವಾಗಬೇಕಿತ್ತು.

ಮಲ್ಲವ್ವ ಸೊಸೈಟಿಯ ಸೆಕ್ರೆಟರಿ ಹಿತೇಶ್‌ಭಾಯಿಯ ಮುಂದೆ ನಿಂತು, ಬರೆದವರು ಯಾರು ಹೇಳಿ, ನಾನೇ ಹೋಗಿ ಕೇಳುತ್ತೇನೆ ಅಂದಳು. ಹಿತೇಶ್ ಪ್ರೀತಿಯಿಂದಲೇ ವಿವರಿಸಿದ. “ನೋಡು ಬಾಯಿ, ಇದಕ್ಕೆ ಪ್ರೈವಸಿ ಅನ್ನುತ್ತಾರೆ. ಹೆಸರು ಹೊರಗೆ ಬಂದರೆ ಜನ ಭಯಪಡುತ್ತಾರೆ. ಭಯವಿಲ್ಲದಿದ್ದರೆ ತಾನೇ ಸತ್ಯ ಹೇಳೋದು?”

ಮನೆಗೆ ಬಂದ ಮಲ್ಲವ್ವ ಆ ಮಾತನ್ನು ಮಗಳಿಗೆ ಒಪ್ಪಿಸಿದಳು. ಸೌಮ್ಯಾಳಿಗೆ ಕನ್ನಡ ತಡವರಿಸುತ್ತಿತ್ತು, ಸಿಟ್ಟು ಬಂದಾಗ ಪೂರಾ ಕೈಕೊಡುತ್ತಿತ್ತು. “ಅವ್ವ, ಸತ್ಯ ಹೇಳಾಕ ಹೆಸರು ಬ್ಯಾಡ ನಾ? ಠೀಕ್ ಹೈ. ನಾವೂ ಬೋಲ್ತೀವಿ.”

ಹಾಗೆ ಇನ್‌ಸ್ಟಾಗ್ರಾಮಿನಲ್ಲಿ ‘ಬಾಯಿ ಬೋಲಿ’, ಅಂದರೆ ‘ಕೆಲಸದವಳು ಹೇಳಿದಳು’, ಎಂಬ ಪೇಜ್ ಹುಟ್ಟಿತು. ಫೋಟೋದ ಜಾಗದಲ್ಲಿ ಒಂದು ಬದನೆಕಾಯಿ. ಮಲ್ಲವ್ವ ಹಾಕಿದ ಕಟ್ಟಳೆ ಒಂದೇ: ನಡೆದದ್ದನ್ನಷ್ಟೇ ಬರೆಯಬೇಕು, ಒಳ್ಳೆಯದಿದ್ದರೆ ಅದನ್ನೂ ಬರೆಯಬೇಕು. ಸಂಜೆಯ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಮನೆಕೆಲಸದ ಹೆಂಗಸರು ಹೇಳುತ್ತಾ ಹೋದರು, ಸೌಮ್ಯಾ ಹಿಂದಿಯಲ್ಲಿ ಬರೆಯುತ್ತಾ ಹೋದಳು. ಮನೆಯವರ ಹೆಸರಿಲ್ಲ, ಬಿಲ್ಡಿಂಗ್ ಮತ್ತು ಫ್ಲ್ಯಾಟ್ ನಂಬರ್ ಮಾತ್ರ.

‘ಶಾಂತಿ ಶಿಖರ, 704. ಪಲ್ಯ ನಾಲ್ಕು ದಿನ ಫ್ರಿಜ್ಜಿನಲ್ಲಿಟ್ಟು, ವಾಸನೆ ಬಂದ ಮೇಲೆ ದಾನ ಮಾಡುತ್ತಾರೆ. ಎರಡು ಸ್ಟಾರ್.’

‘ಶಾಂತಿ ಶಿಖರ, 1102. ಸಾಹೇಬರು ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾರೆ. ವೀಡಿಯೋ ಮೀಟಿಂಗಿನಲ್ಲಿ ಮೇಲೆ ಕೋಟು, ಕೆಳಗೆ ಚಡ್ಡಿ. ಸ್ವಭಾವ ಒಳ್ಳೆಯದು. ನಾಲ್ಕು ಸ್ಟಾರ್.’

‘ಶಾಂತಿ ಶಿಖರ, 903. ನಾಯಿಗೆ ದೊಡ್ಡ ಲಿಫ್ಟ್, ನಮಗೆ ಮೆಟ್ಟಿಲು. ನಾಯಿಗೆ ಐದು ಸ್ಟಾರ್, ಮನೆಗೆ ಒಂದು.’

ಹತ್ತು ದಿನದಲ್ಲಿ ಪೇಜಿಗೆ ನಲವತ್ತು ಸಾವಿರ ಓದುಗರಾದರು. ಬಾಂದ್ರಾದ, ದಾದರಿನ ಬಿಲ್ಡಿಂಗುಗಳ ಸುದ್ದಿಯೂ ಬರತೊಡಗಿತು. 1102ರ ಸಾಹೇಬರ ಆಫೀಸಿನವರು ಮೀಟಿಂಗಿನ ನಡುವೆ ಅವರನ್ನು ಎದ್ದು ನಿಲ್ಲಲು ಹೇಳಿದರಂತೆ.

ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸೊಸೈಟಿಯ ತುರ್ತು ಸಭೆ ಸೇರಿತು. ಯಾವತ್ತೂ ಇಪ್ಪತ್ತು ಜನ ಸೇರದ ಹಾಲಿನಲ್ಲಿ ಅಂದು ಕುರ್ಚಿ ಸಾಲಲಿಲ್ಲ. ಚಹಾ, ಅವಲಕ್ಕಿಯ ಪೋಹೆ ಮಾಡಲು ಮಲ್ಲವ್ವನನ್ನೇ ಕರೆಸಿದ್ದರು. ಎರಡು ಸ್ಟಾರಿನವಳು ಯಾಕೆ ಎಂದು ಯಾರೂ ಕೇಳಲಿಲ್ಲ.

ಹಿತೇಶ್ ಮೈಕ್ ಹಿಡಿದು ಗುಡುಗಿದ. “ಮುಖ ಮುಚ್ಚಿಕೊಂಡು ಬರೆಯುವವರು ಹೇಡಿಗಳು! ಧೈರ್ಯವಿದ್ದರೆ ಹೆಸರು ಹಾಕಿ ಬರೆಯಲಿ!” ಚಪ್ಪಾಳೆ ಬಿತ್ತು. ಸೋನಾಲಿ ಎದ್ದು, ಹೆಸರಿಲ್ಲದ ಮಾತಿಗೆ ಸಭ್ಯ ಸಮಾಜದಲ್ಲಿ ಜಾಗವಿಲ್ಲ ಅಂದಳು. ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಕೊಡೋಣ ಎಂದು ಒಬ್ಬರು ಸೂಚಿಸಿದರು. ದೂರು ಕೊಡುವವರು ಹೆಸರು, ಫ್ಲ್ಯಾಟ್ ನಂಬರ್ ಬರೆದು ಸಹಿ ಹಾಕಬೇಕು ಎಂದು ತಿಳಿದ ಮೇಲೆ ಆ ಸೂಚನೆಯನ್ನು ಯಾರೂ ಎತ್ತಲಿಲ್ಲ. ಕೊನೆಗೆ ಒಂದು ಠರಾವು ತಯಾರಾಯಿತು. ‘ಈ ಸೊಸೈಟಿಗೆ ಸಂಬಂಧಪಟ್ಟ ಯಾರೂ, ಯಾರ ಬಗ್ಗೆಯೂ, ಇಂಟರ್ನೆಟ್ಟಿನಲ್ಲಿ ಹೆಸರು ಮುಚ್ಚಿಟ್ಟು ಬರೆಯಕೂಡದು.’ ಎಲ್ಲರೂ ಕೈ ಎತ್ತಿದರು. ಅನುರಾಧಾ ಕೂಡ ಎತ್ತಿದಳು, ಅರ್ಧ.

ಚಹಾದ ಟ್ರೇ ಹಿಡಿದಿದ್ದ ಮಲ್ಲವ್ವ ತನ್ನ ಮುಂಬಯಿ ಹಿಂದಿಯಲ್ಲಿ ಕೇಳಿದಳು. “ಸಾಬ್, ಅಂದರೆ ಗೇಟಿನ ಆ್ಯಪಿನಲ್ಲಿ ನನಗೆ ಎರಡು ಸ್ಟಾರ್ ಕೊಟ್ಟವರ ಹೆಸರೂ ಇನ್ನು ಕಾಣಿಸುತ್ತದಲ್ಲ?”

“ಅದು ಬೇರೆ ಬಾಯಿ. ಅದು ಫೀಡ್‌ಬ್ಯಾಕ್.”

“ಠರಾವಿನಲ್ಲಿ ಬೇರೆ ಅಂತ ಬರೆದಿಲ್ಲ,” ಎಂದು ಒಂದು ದನಿ ಬಂತು. ಅದು ಐದನೇ ಮಹಡಿಯ ಅಮೋಲ್‌ನದು. ಆ್ಯಪ್ ನೋಡಿಕೊಳ್ಳುವ ಕೆಲಸ ಅವನದು. ಅದರೊಳಗೆ ನಿವಾಸಿಗಳು ಒಬ್ಬರ ಮೇಲೊಬ್ಬರು ದೂರು ಬರೆಯುವ ಪೆಟ್ಟಿಗೆಯೂ ಇತ್ತು, ಅದರಲ್ಲೂ ಎಲ್ಲರೂ ‘ಒಬ್ಬ ನಿವಾಸಿ’ಯೇ. ಕಳೆದ ವರ್ಷ ಅಮೋಲ್‌ನ ತಬಲಾ ಅಭ್ಯಾಸವನ್ನು ‘ತಗಡಿನ ಡಬ್ಬಿಯೊಳಗೆ ಇಲಿ ಬಿದ್ದ ಹಾಗೆ’ ಎಂದು ಯಾರೋ ಅದರಲ್ಲಿ ಬರೆದಿದ್ದರು. ಅವರು ಯಾರೆಂಬ ಚಿಂತೆಯಲ್ಲಿ ಅವನು ಒಂದು ವರ್ಷ ತಬಲಾ ಮುಟ್ಟಿರಲಿಲ್ಲ. ಹೆಸರು ನೋಡುವ ಅಧಿಕಾರ ಅವನಿಗೂ ಇರಲಿಲ್ಲ. ಹೆಸರು ತೋರಿಸು, ಮುಚ್ಚು ಎಂಬ ಒಂದೇ ಗುಂಡಿ ಇತ್ತು, ಅದನ್ನು ಒತ್ತಲು ಸಭೆಯ ಠರಾವು ಬೇಕಿತ್ತು. ಈಗ ಠರಾವು ಪಾಸಾಗಿತ್ತು.

ಅಮೋಲ್ ಒತ್ತಿದ.

ಮೊದಲು ಒಂದು ಫೋನ್ ಟಿಂಗ್ ಅಂದಿತು, ಆಮೇಲೆ ಹಾಲಿನ ಎಲ್ಲ ಫೋನುಗಳೂ. ಎಲ್ಲರೂ ಪೋಹೆಯ ತಟ್ಟೆ ಬದಿಗಿಟ್ಟು ಫೋನಿನಲ್ಲಿ ಹೆಸರು ಹುಡುಕತೊಡಗಿದರು. ಅಮೋಲ್ ಎದ್ದು ನಿಂತ. “ಹಿತೇಶ್‌ಭಾಯಿ, ಇಲಿ?” ಸೋನಾಲಿ ತನ್ನ ಯೋಗದ ಗೆಳತಿಯ ಕಡೆ ತಿರುಗಿ, ನಾಯಿ ಬಗ್ಗೆ ಒಂಬತ್ತು ದೂರು ನಿನ್ನವೇ ಏನೇ ಎಂದು ಕೂಗಿದಳು. ಹಿತೇಶ್‌ಗೆ ತನ್ನ ಮೇಲಿನ ಅಷ್ಟೂ ದೂರುಗಳು ಪಕ್ಕದಲ್ಲೇ ಕೂತ ಚೇರ್‌ಮನ್ನರವು ಎಂದು ಗೊತ್ತಾಯಿತು. ಹೇಡಿ ಯಾರು, ಸಭ್ಯ ಯಾರು ಎಂದು ಎಲ್ಲರೂ ಒಮ್ಮೆಗೇ ಕೇಳತೊಡಗಿದರು.

ಈ ಗದ್ದಲದ ನಡುವೆ ಮಲ್ಲವ್ವ ಬಾಗಿಲಲ್ಲಿದ್ದ ಪರಪ್ಪನಿಂದ ಟ್ಯಾಬ್ ಇಸಿದುಕೊಂಡು ನೇರ ಅನುರಾಧಾಳ ಹತ್ತಿರ ಹೋದಳು. ಓದಿ ಹೇಳುವವಳು ಅವಳೇ ಅಲ್ಲವೆ.

“ಅಕ್ಕಾರ, ಈಗ ಹೆಸರು ಬಂದೈತಂತ. ಓದ್ರಿ.”

ಅನುರಾಧಾ ಟ್ಯಾಬ್ ನೋಡಿದಳು. ಕನ್ನಡಕ ಮರೆತು ಬಂದೆ ಅಂದಳು. ಪಕ್ಕದಲ್ಲಿದ್ದ ಶ್ರೀಮಂತ ಏನೂ ತಿಳಿಯದೆ, “ನಿನ್ನ ತಲಿಮ್ಯಾಲ ಐತೆಲ್ಲ,” ಅಂದ. ಅನುರಾಧಾ ಹಾಕಿಕೊಂಡಳು. “ಅನುರಾಧಾ ಅಂತ ಐತಿ,” ಅಂದಳು.

“ಯಾವ ಅನುರಾಧಾರಿ?”

“ನಾನವಾ, ಮಲ್ಲವ್ವ.”

ಮಲ್ಲವ್ವ ಇನ್ನೊಂದು ಕೈಯಲ್ಲಿದ್ದ ಟ್ರೇ ಕೆಳಗಿಟ್ಟಳು. ಆರು ವರ್ಷದಲ್ಲಿ ಅನುರಾಧಾಳ ಮನೆಯಲ್ಲಿ ಉಪ್ಪಿನ ಮಾತು ಒಮ್ಮೆಯೂ ಬಂದಿರಲಿಲ್ಲ.

“ನಾ ಏನ್ ತಪ್ಪ ಮಾಡಿದ್ನಿರಿ?”

“ಏನೂ ಇಲ್ಲವಾ,” ಅನುರಾಧಾಳ ಕಣ್ಣು ತುಂಬಿತು. “ಆ ಸೋನಾಲಿ ನಿನ್ನ ಬೆಳಗಿನ ಹೊತ್ತು ಕೇಳ್ತಿದ್ಲು. ನೀ ಆಕಿ ಕಡೆ ಹೋದ್ರ ನನಗ ರೊಟ್ಟಿ ಬಡಿಯವರು ಯಾರು? ಎರಡು ಸ್ಟಾರ್ ಕೊಟ್ರ ಯಾರೂ ನಿನ್ನ ಕರಿಯಂಗಿಲ್ಲ ಅಂತ…”

“ಅಂದ್ರ,” ಶ್ರೀಮಂತ ಹೆಂಡತಿಯನ್ನು ನೋಡಿದ, “ರೊಟ್ಟಿ ಚಲೋ ಅದಾವ ಅಂತನ ಚಲೋ ಇಲ್ಲ ಅಂತ ಬರದಿ?”

ಮಲ್ಲವ್ವನಿಗೆ ಅಳು ಬರಬೇಕಿತ್ತು, ನಗು ಬಂತು. ಇಷ್ಟು ದಿನ ತನಗೆ ಯಾರೋ ವೈರಿ ಇದ್ದಾರೆ ಎಂದು ಅವಳು ಪ್ರತಿ ಮನೆಯ ಮುಖವನ್ನೂ ಅಳೆದು ನೋಡುತ್ತಿದ್ದಳು. ಈ ಒಂದು ಮುಖವನ್ನು ಬಿಟ್ಟು.

“ನನ್ನನ್ನ ಕೇಳಿದ್ರ ನಾನ ಹೇಳ್ತಿದ್ನೆಲ್ರಿ, ನಿಮ್ಮನ್ನ ಬಿಟ್ಟು ಹೋಗಂಗಿಲ್ಲ ಅಂತ,” ಅಂದಳು. “ಈಗ ಹೋಗ್ತೀನ್ರಿ.”

ಮರುದಿನವೇ ಅನುರಾಧಾ ತನ್ನ ಹೆಸರು ಹಾಕಿ ಐದು ಸ್ಟಾರ್ ಕೊಟ್ಟು, ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಎಲ್ಲವನ್ನೂ ಹೊಗಳಿ ಉದ್ದಕ್ಕೆ ಬರೆದಳು. ಫಲವಾಗಿ ಏಳು ಮನೆಯವರು ಮಲ್ಲವ್ವನನ್ನು ಕರೆದರು. ಅವಳು ಎರಡನ್ನು ಒಪ್ಪಿದಳು, ಒಂದು ಸೋನಾಲಿಯದು. ಭಾನುವಾರ ರಜೆ, ಹೋಗಿ ಬರಲು ಲಿಫ್ಟ್ ಎಂಬ ಕರಾರಿನ ಮೇಲೆ. ಅನುರಾಧಾಳಿಗೆ ಸಂಜೆಯ ಹೊತ್ತು ಸಿಕ್ಕಿತು. ಬೆಳಿಗ್ಗೆ ಶ್ರೀಮಂತ ಬ್ರೆಡ್ ತಿಂದು ಬ್ಯಾಂಕಿಗೆ ಹೋಗತೊಡಗಿದ.

ವಾರದೊಳಗೆ ಸೊಸೈಟಿ ಮತ್ತೆ ಸಭೆ ಸೇರಿ, ಸೌಹಾರ್ದದ ದೃಷ್ಟಿಯಿಂದ ಆ ಠರಾವನ್ನು ರದ್ದು ಮಾಡಿತು. ಯಾರು ಯಾವ ಕಡೆ ಎಂದು ತಿಳಿಯಬಾರದೆಂದು ಚೀಟಿ ಹಾಕಿ ಗುಪ್ತವಾಗಿ ಮತ ಹಾಕಿದರು. ಆ್ಯಪಿನಲ್ಲಿ ಮತ್ತೆ ಎಲ್ಲರೂ ‘ಒಬ್ಬ ನಿವಾಸಿ’ ಆದರು. ‘ಬಾಯಿ ಬೋಲಿ’ ಯಾರದೆಂದು ಯಾರಿಗೂ ಗೊತ್ತಾಗಲಿಲ್ಲ. ಇಂಥ ತಲೆ ಓಡಿಸಬೇಕಾದರೆ ಅವನು ಪತ್ರಕರ್ತನೇ ಇರಬೇಕು ಎಂದು ಹಿತೇಶ್ ಎಲ್ಲರಿಗೂ ಹೇಳುತ್ತಿದ್ದ.

ತಿಂಗಳಾದ ಮೇಲೆ ಒಂದು ಸಂಜೆ ತಾಯಿ ಮಗಳು ವಿರಾರ್ ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತಿದ್ದಾಗ ಪೇಜಿಗೆ ಒಂದು ಮೆಸೇಜು ಬಂತು. ಸೌಮ್ಯಾ ತಾಯಿಯ ಕಿವಿಗೆ ಬಾಯಿಟ್ಟು ಓದಿದಳು. ಶಾಂತಿ ಶಿಖರದ ಸೆಕ್ರೆಟರಿ ಹಿತೇಶ್‌ನ ಮನೆಯಿಂದ ಬಂದದ್ದು. ‘ನಾನು ಈ ಮನೆಯ ಕೆಲಸದವಳಲ್ಲ, ಹೆಂಡತಿ. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದ್ದೇನೆ. ನಾನೂ ಬರೆಯಬಹುದಾ? ದಯವಿಟ್ಟು ಹೆಸರು ಹಾಕಬೇಡಿ.’

“ಅವ್ವ, ಕ್ಯಾ ಬೋಲೂ?”

ಮಲ್ಲವ್ವ ಕಂಬಿ ಹಿಡಿದು ಮಗಳ ಕಡೆ ಬಾಗಿದಳು. “ಬರೀರಿ ಅನ್ನು,” ಅಂದಳು. “ರಾಡಿ ರಗಳಿ ಬ್ಯಾಡ, ನಡದದ್ದಷ್ಟ ಬರೀರಿ ಅನ್ನು. ಮತ್ತ ಕೇಳು ಆಕೀನ್ನ, ಊಟಾ ಆಗೇತೇನು ಅಂತ.”

ಸೌಮ್ಯಾ ಟೈಪ್ ಮಾಡತೊಡಗಿದಳು. ನಾಲಾಸೋಪಾರಾ ಬಂತು, ಹಿಂದಿನ ಹೆಂಗಸರು ಇಬ್ಬರನ್ನೂ ಪ್ಲಾಟ್‌ಫಾರ್ಮಿಗೆ ತಳ್ಳಿದರು.