ಒಂಟಿಗಾಲಿನ ಹೆಣದ ಪಂಚನಾಮೆ

ಇದು ನಿಜವಾಗಿ ನಡೆದದ್ದು. ಹೀಗೆ ಶುರುಮಾಡುವವರನ್ನು ನಂಬಬೇಡಿ ಎಂದು ಮದರಾಸಿನ ಕಾಲೇಜಿನಲ್ಲಿ ನಮ್ಮ ಚರಿತ್ರೆಯ ಮೇಷ್ಟ್ರು ಹೇಳುತ್ತಿದ್ದರು. ಹಾಗೆ ಹೇಳಿ, ಪುಸ್ತಕ ತೆರೆದು, ನಿಜವಾಗಿ ನಡೆದದ್ದನ್ನು ಪಾಠ ಮಾಡುತ್ತಿದ್ದರು.

ನಾನು ತೋಟಪ್ಪ. ಕಂಪ್ಲಿಯಲ್ಲಿ ನಮ್ಮ ತಂದೆಯದೊಂದು ಅಕ್ಕಿ ಗಿರಣಿ. ೧೯೩೫ರ ಶ್ರಾವಣದಲ್ಲಿ ಮಲೇರಿಯಾ ಹಿಡಿದು ಊರಿಗೆ ಬಂದಿದ್ದೆ. ಮಲೇರಿಯಾ ಹೋಗಿತ್ತು, ನಾನು ಹೋಗಿರಲಿಲ್ಲ. ಬಿ.ಎ. ಓದುತ್ತಿದ್ದ ನನಗೆ ಸರಿಯಾಗಿ ಬರುತ್ತಿದ್ದ ವಿದ್ಯೆ ಒಂದೇ, ಯಾರ ದನಿಯನ್ನಾದರೂ ಅವರಿಗಿಂತ ಚೆನ್ನಾಗಿ ತೆಗೆಯುವುದು. ನಮ್ಮ ತಂದೆಯ ದನಿಯಲ್ಲಿ ಗಿರಣಿಯ ಆಳುಗಳಿಗೆ ಎರಡು ಸಲ ರಜೆ ಕೊಟ್ಟಿದ್ದೆ.

ಅದರ ಹಿಂದಿನ ವರ್ಷ ಗಾದಿಗನೂರಿನ ಬಳಿ ಜಂಬಪ್ಪ ಎಂಬ ಕಟ್ಟಿಗೆ ಹೊರುವವನನ್ನು ಪೊಲೀಸರು ಯಾವನೋ ಕಳ್ಳನೆಂದು ತಿಳಿದು ಕೂಗಿದರು. "ನಿಂದ್ರು" ಎಂದು ಮೂರು ಸಲ. ನಿಲ್ಲಲಿಲ್ಲ. ಗುಂಡು ಹೊಡೆದರು. ಜಂಬಪ್ಪ ಹುಟ್ಟುಕಿವುಡ. ಅದು ಗಾದಿಗನೂರಿನ ನಾಯಿಗಳಿಗೂ ಗೊತ್ತಿತ್ತು; ಅವನನ್ನು ಕಂಡರೆ ಅವು ಬೊಗಳುತ್ತಿರಲಿಲ್ಲ, ಬಂದು ಕಾಲು ಮುಟ್ಟುತ್ತಿದ್ದವು. ಪೊಲೀಸರು ನಾಯಿಗಳನ್ನು ಕೇಳಿರಲಿಲ್ಲ. ವಿಚಾರಣೆ ನಡೆಯಿತು. ಎಚ್ಚರಿಕೆಯನ್ನು ನಿಯಮದಂತೆ ಮೂರು ಸಲ, ಅದೂ ಕನ್ನಡದಲ್ಲೇ ಕೊಡಲಾಗಿದೆ, ತಾನು ಕಿವುಡನೆಂಬುದನ್ನು ಮೃತನು ಸಕಾಲದಲ್ಲಿ ತಿಳಿಸಿರಲಿಲ್ಲ ಎಂದು ತೀರ್ಮಾನವಾಯಿತು.

ಗುಂಡು ಹಾರಿಸಿದವರು ಇಬ್ಬರು. ಗಾಯ ಒಂದೇ. ಆ ಇಬ್ಬರಲ್ಲಿ ಒಬ್ಬ ದಫೇದಾರ ಗವಿಸಿದ್ದಪ್ಪ, ವರ್ಗವಾಗಿ ನಮ್ಮ ಹೊಳೆಯ ಕಡೆಯ ಠಾಣೆಯೊಂದಕ್ಕೆ ಬಂದ. ಠಾಣೆಯ ಹೆಸರು ಬೇಡ.

ಅವನು ಬಂದ ಮೇಲೆ ನಮ್ಮ ಜನ ಒಂದು ಹೊಸ ಕಸರತ್ತು ಕಲಿತರು. ಪೊಲೀಸರ ತಲೆಯ ಕೆಂಪು ರುಮಾಲು ಕಂಡರೆ ಸಾಕು, ಇದ್ದವರು ಇದ್ದಲ್ಲೇ ನಿಂತುಬಿಡುತ್ತಿದ್ದರು. ಗಾಡಿ ನಿಲ್ಲುತ್ತಿತ್ತು, ಬೀಸುಕಲ್ಲು ನಿಲ್ಲುತ್ತಿತ್ತು, ಕ್ಷೌರ ಅರ್ಧಕ್ಕೆ ನಿಲ್ಲುತ್ತಿತ್ತು. ಗವಿಸಿದ್ದಪ್ಪ ಕೆಮ್ಮಿದರೆ ಸಂತೆಗೆ ಸಂತೆಯೇ ಕೈ ಮೇಲೆತ್ತುತ್ತಿತ್ತು. ಮಾತು ಮಾತ್ರ ಯಾರೂ ಆಡುತ್ತಿರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕುಳಿತವನನ್ನು ದಫೇದಾರ "ಇಲ್ಲಿ ಬಾವಿ ಎಲ್ಲೈತಪಾ?" ಎಂದು ಕೇಳಿದರೆ, "ಗೊತ್ತಿಲ್ರಿ, ನಾನು ಈ ಊರವ ಅಲ್ರಿ" ಎಂದು ಹೇಳಿ, ಕೊಡ ತುಂಬಿಕೊಂಡು, ತನ್ನ ಮನೆಗೆ ಹೋಗುತ್ತಿದ್ದ.

ಗವಿಸಿದ್ದಪ್ಪನ ದನಿ ನನಗೆ ಸಿಕ್ಕಿದ ರತ್ನ. ಎರ್ರಮ್ಮನ ಮಿರ್ಚಿ ಅಂಗಡಿಯ ಹಿಂದೆ ನಿಂತು, ಹೊಟ್ಟೆಯಿಂದ ಗಾಳಿ ಎಳೆದು, "ಯಾರಲೇ ಅದು! ನಿಂದ್ರು!" ಎಂದರೆ ಅಂಗಡಿಯ ಮುಂದೆ ಮಿರ್ಚಿಗಳು ಬಾಯಿಯ ಹತ್ತಿರವೇ ನಿಂತುಬಿಡುತ್ತಿದ್ದವು. ಒಂದು ದಿನ ಹಾಗೆ ಕೂಗಿ ನಗುತ್ತ ಈಚೆ ಬಂದರೆ ಯಾರೂ ನಗುತ್ತಿಲ್ಲ. ದಫೇದಾರ ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದ.

"ನನ್ನ ದನಿ ಹಂಗ ಐತೇನ್ರಿ, ತೋಟಪ್ನೋರೆ?" ಎಂದ.

"ಸುಮಾರು ಹಂಗ ಐತ್ರಿ."

ಅವನು ಕೈಯಲ್ಲಿದ್ದ ಮಿರ್ಚಿಯನ್ನು ಎಲೆಯ ಮೇಲಿಟ್ಟ. "ಹಂಗಾರ ಕಿವುಡಗೂ ಕೇಳ್ಬೇಕಿತ್ತು," ಎಂದು ಎದ್ದುಹೋದ.

ನನಗೆ ಆಗಲೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಗಾದಿಗನೂರಿನಲ್ಲಿ ಒಬ್ಬನನ್ನು ಕೊಂದವನು ಇಲ್ಲಿ ಬೆಂಚಿನ ಮೇಲೆ ಕುಳಿತು ಮಿರ್ಚಿ ತಿನ್ನುತ್ತಾನೆ, ಇವನನ್ನು ಊರ ಮುಂದೆ ಒಮ್ಮೆ ನಗೆಪಾಟಲು ಮಾಡಬೇಕು ಎಂದು ಹಟ ಹಿಡಿದೆ.

ಅದೇ ವಾರ ಸಂಡೂರಿನ ದಾರಿಯಲ್ಲಿ ಯಾರೋ ಗಾಡಿ ತಡೆದು ಸುಲಿದರು. ಸುಲಿದವನ ಗುರುತು ಠಾಣೆಗೆ ಬಂತು: ಕಂಬಳಿ ಕೊಪ್ಪೆ ಹಾಕಿದ ಎತ್ತರದ ಆಳು, ಹೆಗಲ ಮೇಲೆ ಬಂದೂಕು. ಶ್ರಾವಣದ ಮಳೆಯಲ್ಲಿ ಕಂಬಳಿಯನ್ನು ತಲೆಯ ಮೇಲೆ ಕೊಪ್ಪೆ ಮಾಡಿ ಹೊದೆಯದವನು ನಮ್ಮ ತಾಲ್ಲೂಕಿನಲ್ಲಿ ಕಲೆಕ್ಟರೊಬ್ಬನೇ. ಆದ್ದರಿಂದ ಪೊಲೀಸರಿಗೆ ಕೈತುಂಬ ಕೆಲಸ ಸಿಕ್ಕಿತು.

ಬುಕ್ಕಸಾಗರದಲ್ಲಿ ನಮ್ಮ ಗಿರಣಿಗೆ ಭತ್ತ ಹಾಕುವ ಹೊನ್ನೂರಸ್ವಾಮಿ ಎಂಬ ರೈತನಿದ್ದ. ಅವನ ಕಬ್ಬಿಗೆ ದರೋಜಿ ಗುಡ್ಡದ ಕಡೆಯಿಂದ ಕರಡಿ ಇಳಿಯುತ್ತಿತ್ತು. ಕರಡಿಗೆ ಕಾಗೆಯ ಬೆದರುಗೊಂಬೆ ಸಾಲದು. ಆಳೆತ್ತರ ಇರಬೇಕು, ಮೈಯಿಂದ ಮನುಷ್ಯನ ವಾಸನೆ ಬರಬೇಕು, ಹೆಗಲಿಗೆ ಬಂದೂಕಿನಂಥದ್ದು ಇರಬೇಕು. ಅದಕ್ಕೆ ಹೊನ್ನೂರಸ್ವಾಮಿ ಒಂದೇ ಒಂದು ಬಿದಿರಿನ ಗಳ ನೆಟ್ಟು, ಅದಕ್ಕೆ ಹುಲ್ಲು ಬಿಗಿದು, ತಲೆಗೊಂದು ಗಡಿಗೆ ಕವುಚಿ, ಹತ್ತು ವರ್ಷ ತಾನೇ ಹೊದ್ದ ಕೆಂಪಂಚಿನ ಕಂಬಳಿಯನ್ನು ಕೊಪ್ಪೆ ಹೊದಿಸಿ, ಹೆಗಲಿಗೊಂದು ಕೋಲು ಕಟ್ಟಿದ್ದ. ನಾನು ಅದರ ಹೆಗಲಿನ ಕೋಲನ್ನು ಸ್ವಲ್ಪ ಸರಿಮಾಡಿದೆ, ಅಷ್ಟೇ.

ಮರುದಿನ ಎರ್ರಮ್ಮನ ಅಂಗಡಿಯಲ್ಲಿ ದಫೇದಾರನಿಗೆ ಕೇಳುವಂತೆ, "ಹೊನ್ನೂರಸ್ವಾಮಿ ಕಬ್ಬಿನ ಬದುವಿನಾಗ ಕೊಪ್ಪಿ ಹಾಕ್ಕೊಂಡು ಒಬ್ಬ ಮುಂಜಾನಿಂದ ನಿಂತಾನ. ಹೆಗಲ ಮ್ಯಾಲ ಏನೋ ಐತಿ. ಕರೆದ್ರ ಮಾತಾಡವಲ್ಲ," ಎಂದೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ನನ್ನ ಯೋಜನೆ ಸರಳ. ದಫೇದಾರ ಬರುತ್ತಾನೆ, ಹುಲ್ಲಿಗೆ ಮೂರು ಸಲ ಕೂಗುತ್ತಾನೆ, ಹತ್ತಿರ ಬಂದು ನೋಡಿ ಪೆಚ್ಚಾಗುತ್ತಾನೆ. ನಾನೂ ಹೊನ್ನೂರಸ್ವಾಮಿಯೂ ಕಬ್ಬಿನೊಳಗಿಂದ ಅವನದೇ ದನಿಯಲ್ಲಿ "ನಿಂದ್ರು" ಎಂದು ಎದ್ದುಬರುತ್ತೇವೆ.

ಅವನು ಒಬ್ಬನೇ ಬರಲಿಲ್ಲ. ತೆಲುಗು ಕರಾವಳಿಯ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಸಾಹೇಬರೂ ಬಂದರು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ರಿವಾಲ್ವರ್. ಮಧ್ಯಾಹ್ನದ ಮೂರು ಗಂಟೆ, ಜಿನುಗುಮಳೆ. ನಾನೂ ಹೊನ್ನೂರಸ್ವಾಮಿಯೂ ಕಬ್ಬಿನೊಳಗೆ ಬೋರಲು ಮಲಗಿದ್ದೆವು. ಬೊಂಬೆಗೂ ನಮಗೂ ನಡುವೆ ಹತ್ತು ಮಾರು.

"ಯಾರಲೇ ಅದು! ನಿಂದ್ರು!" ದಫೇದಾರ ದೂರದ ಬದುವಿನಿಂದ ಕೂಗಿದ. ಬೊಂಬೆ ನಿಂತೇ ಇತ್ತು. ಎರಡನೆಯ ಸಲ ಕೂಗಿದ. ಮೂರನೆಯ ಸಲ ಕೂಗಿದ.

"ಆಯಿತಲ್ಲ, ಮೂರು," ಎಂದರು ಸಾಹೇಬರು. "ಹೊಡಿ."

ದಫೇದಾರ ಹೊಡೆಯಲಿಲ್ಲ. ನಾಲ್ಕನೆಯ ಸಲ ಕೂಗಿದ. ಅದು ನಾನು ಕಲಿತಿದ್ದ ದನಿಯಾಗಿರಲಿಲ್ಲ. "ಯಪ್ಪಾ, ಕೇಳಸ್ತತೇನಪಾ? ಒಂದೀಟು ಕೈ ಎತ್ತಪಾ!"

ಬಳಿಕ ಅವನು ಮಾಡಿದ್ದನ್ನು ಕಂಡು ಹೊನ್ನೂರಸ್ವಾಮಿ ನನ್ನ ತೋಳು ಹಿಡಿದ. ದಫೇದಾರ ಬಂದೂಕು ಕೆಳಗಿಟ್ಟು, ತಲೆಯ ಕೆಂಪು ರುಮಾಲು ಬಿಚ್ಚಿ, ಎರಡೂ ಕೈಯಲ್ಲಿ ಅದನ್ನು ಮೇಲೆತ್ತಿ ಬೀಸತೊಡಗಿದ. ಕಿವಿ ಇಲ್ಲದವನಿಗೆ ಕಣ್ಣಾದರೂ ಇದ್ದೀತು ಎಂದು.

"ಏಮಯ್ಯಾ, ಇದೇನು ನಾಟಕ?" ಎಂದರು ಸಾಹೇಬರು.

"ಸ್ವಾಮಿ, ಕಿವುಡ ಇರಬೇಕ್ರಿ. ನಾನು ಹತ್ರ ಹೋಗಿ ನೋಡಿ ಬರ್ತೀನ್ರಿ."

"ಹತ್ತಿರ ಹೋದರೆ ಅವನು ನಿನ್ನನ್ನು ನೋಡಿಕೊಳ್ಳುತ್ತಾನೆ. ಬಂದೂಕು ಎತ್ತು. ಇದು ಹುಕುಂ."

ಅಷ್ಟರಲ್ಲಿ ಹೊಳೆಯ ಕಡೆಯಿಂದ ಗಾಳಿ ಬೀಸಿತು. ಕೊಪ್ಪೆ ಅಲುಗಿತು. ಹೆಗಲಿನ ಕೋಲು ನಿಧಾನವಾಗಿ ಮುಂದಕ್ಕೆ ಬಾಗಿ ನೇರವಾಗಿ ಸಾಹೇಬರ ಛತ್ರಿಯ ಕಡೆ ತಿರುಗಿತು. ಕೋಲನ್ನು ಸರಿಮಾಡಿದವನು ನಾನೇ.

"ಗುರಿ ಇಟ್ಟ! ಹೊಡಿ! ಹೊಡಿ!"

ದಫೇದಾರ ಬಂದೂಕು ಎತ್ತಿಕೊಂಡು, ತೀರ ತಗ್ಗಿಸಿ ಕಾಲಿಗೆ ಹೊಡೆದ. ಬೊಂಬೆಗೆ ಇದ್ದದ್ದು ಒಂದೇ ಕಾಲು. ಲಟಕ್ ಎಂದು ಮುರಿದು, ಮುಖ ಅಡಿಯಾಗಿ, ಕೆಸರಿಗೆ ಬಿತ್ತು.

ಕಬ್ಬಿನ ಮೇಲಿನ ಗಿಳಿಗಳೆಲ್ಲ ಎದ್ದುಹೋದವು. ನಾವು ಏಳಲಿಲ್ಲ. ಎದ್ದರೆ ಕಬ್ಬಿನಿಂದ ಇನ್ನಿಬ್ಬರು ದರೋಡೆಕೋರರು ಎದ್ದಂತೆ, ಮತ್ತು ಸಾಹೇಬರ ರಿವಾಲ್ವರ್ ಇನ್ನೂ ಒರೆಗೆ ಹೋಗಿರಲಿಲ್ಲ.

"ಕಾಲಿಗೆ ಹೊಡೆದೀನ್ರಿ," ಎಂದ ದಫೇದಾರ. "ಕಾಲಿಗೆ ಬಿದ್ದವ ನರಳಬೇಕಲ್ರೀ. ಇವ ನರಳವಲ್ಲ." ಮುಂದೆ ಹೆಜ್ಜೆ ಇಟ್ಟ.

ಸಾಹೇಬರು ಛತ್ರಿ ಅಡ್ಡ ಹಿಡಿದರು. "ಪಂಚರು ಬರುವ ಮೊದಲು ಹೆಣ ಮುಟ್ಟಕೂಡದು. ನೀನು ಹೋಗಿ ಮುಟ್ಟಿದರೆ ನಾವೇ ಬಂದೂಕು ಇಟ್ಟೆವು ಅನ್ನುತ್ತಾರೆ. ನಡಿ, ಊರ ಮುನಸೀಫನಿಗೆ ಹೇಳಿ ಕಳಿಸು."

ದಾರಿಯಲ್ಲಿ ಹೋಗುತ್ತಿದ್ದ ಗಾಡಿಯವನನ್ನು ಊರಿಗೆ ಓಡಿಸಿ, ದಫೇದಾರ ಕೆಸರಿನಲ್ಲಿ ಕುಳಿತ. ಅಲ್ಲಿಂದ ಅರ್ಧ ಗಂಟೆ ಅವನು ಆ ಕಂಬಳಿಯಿಂದ ಕಣ್ಣು ತೆಗೆಯಲಿಲ್ಲ. ಒಮ್ಮೊಮ್ಮೆ ಕೈಯಿಂದ ಏನೋ ಸನ್ನೆ ಮಾಡುತ್ತಿದ್ದ, ಏಳು, ಏಳು ಎನ್ನುವಂತೆ.

"ಧಣಿ," ಹೊನ್ನೂರಸ್ವಾಮಿ ಪಿಸುಗುಟ್ಟಿದ, "ಏನಾರ ಒಂದು ದನಿ ತಗೀರಿ. ಅವಗ ಹೇಳ್ರಿ. ನನ್ನ ಕೈಲಿ ನೋಡಾಕ ಆಗವಲ್ದು."

ಬಾಯಿ ತೆರೆದೆ. ನನ್ನ ಆಯುಷ್ಯದಲ್ಲಿ ಮೊದಲ ಸಲ ಯಾರ ದನಿಯೂ ಬರಲಿಲ್ಲ, ನನ್ನದೂ ಸೇರಿ.

ಊರು ಬಂತು. ಮುಂದೆ ಊರ ಮುಖ್ಯಸ್ಥ ಮುನಸೀಫ ಕೊಟ್ರಬಸಪ್ಪ, ಕಂಕುಳಲ್ಲಿ ಕಾಗದದ ಕಟ್ಟು. ಕಾಯಿದೆ ಎಂದರೆ ಅವರಿಗೆ ಜೀವ. ಎಮ್ಮೆ ಸತ್ತರೂ ಪಂಚನಾಮೆ ಬರೆದ ಮನುಷ್ಯ. ಹಿಂದೆ ಐವರು ಪಂಚರು, ಅವರ ಹಿಂದೆ ಉಳಿದವರು. ಕೆಂಪು ರುಮಾಲು ಕಂಡದ್ದೇ ಎಲ್ಲರೂ ಅಭ್ಯಾಸದಂತೆ ಕೈ ಮೇಲೆತ್ತಿ ಬದುವಿನ ಮೇಲೆ ಸಾಲಾಗಿ ನಿಂತುಬಿಟ್ಟರು.

ನಿಲ್ಲದವಳು ಒಬ್ಬಳೇ, ಹೊನ್ನೂರಸ್ವಾಮಿಯ ಹೆಂಡತಿ ನಿಂಗಕ್ಕ. ದೂರದಿಂದಲೇ ಕೆಂಪಂಚಿನ ಕಂಬಳಿಯ ಗುರುತು ಹಿಡಿದಳು. ಮನೆಯಲ್ಲಿ ಗಂಡನಿಲ್ಲ, ಗದ್ದೆಯಲ್ಲಿ ಅವನ ಕಂಬಳಿ ಬಿದ್ದಿದೆ. ಮಣ್ಣಿಗೆ ಬಿದ್ದು ಗೋಳಾಡತೊಡಗಿದಳು.

"ನನ್ನ ಬಂಗಾರದಂಥಾ ಗಂಡನ! ಒಂದು ದಿನ ಎದುರು ಮಾತಾಡ್ಲಿಲ್ಲಲ್ಲೋ! ನೀ ಉಣ್ಣು ಅಂತ ನನಗ ಹಾಕಿ ಆಮ್ಯಾಲ ಉಂತಿದ್ದೆಲ್ಲೋ!"

"ನಾನೇನ್ರಿ?" ಎಂದ ಹೊನ್ನೂರಸ್ವಾಮಿ ನನ್ನ ಕಿವಿಯಲ್ಲಿ. "ಮುಂಜಾನಿ ನನಗ ಹಂದಿ ಅಂದಿದ್ಲು." ಮರುಕ್ಷಣ ಏಳಹೊರಟ. "ಬಳಿ ಒಡ್ಕೊಂತಾಳ್ರಿ! ಸೋಮವಾರ ತಂದ ಬಳಿ!" ನಾನು ಅವನ ಧೋತರ ಹಿಡಿದು ಎಳೆದು ಮಲಗಿಸಿದೆ. ಧೋತರ ನನ್ನ ಕೈಯಲ್ಲೇ ಉಳಿಯಿತು, ಅದರಿಂದ ಅವನು ಏಳುವುದು ಇನ್ನೂ ಕಷ್ಟವಾಯಿತು.

"ಮೊದಲು ಠಾಣೆಯವರ ಹೇಳಿಕೆ," ಎಂದರು ಮುನಸೀಫರು ಕಾಗದ ಬಿಡಿಸುತ್ತ. "ಹೆಣ ಆಮ್ಯಾಲ. ಕಾಯಿದೆ ಹಂಗ ಐತ್ರಿ."

ಸಾಹೇಬರು ಛತ್ರಿಯಡಿ ನಿಂತು ಹೇಳಿದರು, ಮುನಸೀಫರು ಬರೆದರು. ಮೃತನು ಬೈಗುಳ ಬೈದನು. ಓಡಲು ನೋಡಿದನು. ತಿರುಗಿ ನಿಂತು ಪೊಲೀಸರ ಮೇಲೆ ಬಂದೂಕಿನಿಂದ ಒಂದು ಸುತ್ತು ಹಾರಿಸಿದನು. ಆತ್ಮರಕ್ಷಣೆಗಾಗಿ ಮಾತ್ರ ಗುಂಡು ಹೊಡೆಯಬೇಕಾಯಿತು.

"ದಫೇದಾರ್ರೆ, ನಿಮ್ಮ ರುಜು."

ಗವಿಸಿದ್ದಪ್ಪ ಎದ್ದ. ಲೇಖನಿ ತೆಗೆದುಕೊಳ್ಳಲಿಲ್ಲ. ನಿಂಗಕ್ಕನ ಮುಂದೆ ಹೋಗಿ, ರುಮಾಲನ್ನು ಅವಳ ಕಾಲ ಬಳಿ ಇಟ್ಟ.

"ಅದು ಹಂಗಲ್ಲವ್ವ. ನಿನ್ನ ಗಂಡ ಬೈಲಿಲ್ಲ, ಓಡ್ಲಿಲ್ಲ. ಅವನ ಕೈಯಾಗ ಇದ್ದದ್ದು ಕೋಲು ಅಂತ ನನಗ ಕಾಣ್ತಿತ್ತು. ಸುಮ್ನ ನಿಂತಿದ್ದ. ನಾನ ಹೊಡೆದೆ. ಹೋದ ವರ್ಷ ಗಾದಿಗನೂರಾಗ ಹೊಡೆದಾವನೂ ನಾನ ಇದ್ದೇನು. ಆಗ ಅವರು ಬರೆದದ್ದಕ್ಕ ರುಜು ಹಾಕಿದೆ. ಈಗ ಹಾಕಂಗಿಲ್ಲ. ಮುನಸೀಫರ, ನನ್ನ ಹೆಸರು ಬರ್ಕೊಳ್ರಿ. ಕೊಂದಾವ ಅಂತ ಬರ್ಕೊಳ್ರಿ."

"ನಿನ್ನ ನೌಕರಿ ಹೋಗುತ್ತೆ, ತಿಳಿದುಕೋ!" ಎಂದರು ಸಾಹೇಬರು.

"ಹೋಗ್ಲಿ ಬಿಡ್ರಿ. ಇಷ್ಟು ಮಂದಿ ನಿಂತಾರ, ಒಬ್ಬರಾರ ನನ್ನ ಕೂಡ ಮಾತಾಡ್ತಾರೇನು? ಇಂಥ ನೌಕರಿ ಇಟ್ಕೊಂಡು ಏನ್ ಮಾಡ್ಲಿ?"

ನಿಂಗಕ್ಕ ಅಳು ನಿಲ್ಲಿಸಿ ಅವನನ್ನೇ ನೋಡಿದಳು. ಬದುವಿನ ಮೇಲಿದ್ದವರು ಎತ್ತಿದ ಕೈಗಳನ್ನು ಇಳಿಸಿದರು.

"ಹೇಳಿಕೆ ಎರಡಾದವು. ಇನ್ನ ಹೆಣ," ಎಂದು ಮುನಸೀಫರು ಪಂಚರನ್ನು ಕರೆದುಕೊಂಡು ಹೋದರು. ಬಗ್ಗಿದರು. ಕಂಬಳಿಯ ಅಂಚು ಎತ್ತಿದರು. ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬರೆಯುತ್ತ ಗಟ್ಟಿಯಾಗಿ ಓದಿದರು:

"ಮೃತನಿಗೆ ಕಾಲು ಒಂದು. ಅದು ಬಿದಿರಿನದು, ಗುಂಡಿನಿಂದ ಮುರಿದಿದೆ. ಹೊಟ್ಟೆಯಲ್ಲಿ ಭತ್ತದ ಹುಲ್ಲು. ತಲೆ, ಕುಂಬಾರನ ಕೆಲಸ, ಬಿದ್ದು ಒಡೆದಿದೆ. ರಕ್ತ ಕಂಡುಬರುವುದಿಲ್ಲ. ನಾಲಗೆ ಕಂಡುಬರುವುದಿಲ್ಲ." ತಲೆ ಎತ್ತಿದರು. "ಸಾಹೇಬರ, ಬೈದ ಅಂದ್ರಲ್ಲ, ಯಾವ ಭಾಷೆಯಾಗ ಅಂತ ಬರೀಲಿ? ಹಾರಿಸಿದ ಅಂದ್ರಲ್ಲ, ಯಾವ ಕೈಲಿ?"

ಸಾಹೇಬರು ಮುಂದೆ ಬಂದು ನೋಡಿದರು. ಆಮೇಲೆ ಕಾಗದಕ್ಕೆ ಕೈ ಚಾಚಿದರು.

"ಕೊಡಾಕ ಬರಂಗಿಲ್ರಿ," ಎಂದರು ಮುನಸೀಫರು. "ಇದು ತಾಲ್ಲೂಕು ಕಚೇರಿಗೆ ಹೋಗ್ಬೇಕು. ಕಾಯಿದೆ ಹಂಗ ಐತ್ರಿ."

ಸಾಹೇಬರು ರಿವಾಲ್ವರನ್ನು ಒರೆಗೆ ಹಾಕಿ, ಛತ್ರಿ ಮಡಿಸಿ, ಮಳೆಯಲ್ಲಿ ನೆನೆಯುತ್ತ ನಡೆದುಹೋದರು. ಆಗ ನಾವು ಎದ್ದೆವು. ನಾನು ಕೈ ಮೇಲೆತ್ತಿಕೊಂಡು, ಹೊನ್ನೂರಸ್ವಾಮಿ ಕಬ್ಬಿನ ಸೋಗೆ ಸುತ್ತಿಕೊಂಡು. ನಿಂಗಕ್ಕ ಬಂಗಾರದಂಥ ಗಂಡನನ್ನು ಕಂಡಳು. ಕೆಸರಿನಲ್ಲಿ ಬಿದ್ದಿದ್ದ ಕೋಲನ್ನು ಕೈಗೆ ತೆಗೆದುಕೊಂಡಳು. ಮುಂದಿನದನ್ನು ಪಂಚರು ನೋಡಿದರು, ಬರೆದುಕೊಳ್ಳಲಿಲ್ಲ. ನಾಲ್ಕು ಏಟು ನನಗೂ ಬಿದ್ದವು, ಅವು ನ್ಯಾಯವಾದವೇ.

ಆದರೆ ದಫೇದಾರ ಇತ್ತ ನೋಡುತ್ತಿರಲಿಲ್ಲ. ಹೋಗಿ ಹುಲ್ಲಿನ ಬಳಿ ಮಂಡಿಯೂರಿ ಕುಳಿತಿದ್ದ. ಕಂಬಳಿಯೊಳಗೆ ಕೈ ಹಾಕಿ ಒಂದು ಹಿಡಿ ಹುಲ್ಲು ತೆಗೆದ. ಮೂಸಿದ. ಇನ್ನೊಂದು ಹಿಡಿ ತೆಗೆದ. ಎಲ್ಲ ಹುಲ್ಲನ್ನೂ, ಒಳಗೆ ಮತ್ತೇನೂ ಇಲ್ಲವೆಂದು ಖಾತ್ರಿಯಾಗುವವರೆಗೆ, ಹೊರಗೆಳೆದು ಹಾಕಿದ.

"ದಫೇದಾರ್ರೆ, ತಪ್ಪಾತ್ರಿ," ಎಂದೆ. ನನ್ನದೇ ದನಿಯಲ್ಲಿ. "ಇದು ನಾನು ಮಾಡಿದ್ದು."

ಅವನು ನನ್ನನ್ನು ನೋಡಿದ. "ನೀವಾ?" ಎಂದ. "ಬರೇ ಹುಲ್ಲಾ?"

"ಬರೇ ಹುಲ್ರಿ."

ನಿಂಗಕ್ಕ ಉಸಿರು ಬಿಡುತ್ತ, ಕೋಲನ್ನು ಬದಿಗಿಟ್ಟು, ಅವನ ರುಮಾಲನ್ನು ಕೊಡವಿ ಅವನ ಕೈಗೆ ಕೊಟ್ಟಳು. "ಏಳಪಾ, ಕೆಸರಾಗ ಯಾಕ ಕುಂತಿ? ಬಾವಿ ಅಲ್ಲೇ ಐತಿ ನೋಡು, ಹುಣಸಿ ಗಿಡದ ಬಾಜೂಕ. ಮಾರಿ ತೊಳಕೋ."

ನಮ್ಮ ಕಡೆ ಯಾರೂ ಅವನಿಗೆ ಅಲ್ಲಿಯತನಕ ಬಾವಿ ತೋರಿಸಿರಲಿಲ್ಲ. ಅವನು ಹುಣಸೆಮರದ ಕಡೆ ನೋಡಿದ, ಕೈಯಲ್ಲಿದ್ದ ಹುಲ್ಲನ್ನು ನೋಡಿದ. ಅವನ ಹೊಟ್ಟೆ ನಗೆಯಿಂದ ಕುಲುಕತೊಡಗಿತು. ಮೊದಲು ದನಿಯೇ ಬರಲಿಲ್ಲ. ಆಮೇಲೆ ಬಂತು. ಪಂಚರು ನಕ್ಕರು, ಬದುವಿನ ಮೇಲಿನವರು ನಕ್ಕರು, ಹೊನ್ನೂರಸ್ವಾಮಿ ಬೆನ್ನು ಸವರಿಕೊಳ್ಳುತ್ತ ನಕ್ಕ, ಮುನಸೀಫರು ಕೂಡ ಕಾಗದ ಮುಚ್ಚಿ ನಕ್ಕರು. ಅಷ್ಟೂ ನಗೆಯ ಮೇಲೆ ದಫೇದಾರನದು ಕೇಳುತ್ತಿತ್ತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ರುಮಾಲಿನಿಂದ ಒರೆಸಿಕೊಳ್ಳುತ್ತ, "ಬರೇ ಹುಲ್ಲು! ಬರೇ ಹುಲ್ರಲೇ!" ಎಂದು ಮತ್ತೆ ನಗುತ್ತಿದ್ದ. ಹಾರಿಹೋಗಿದ್ದ ಗಿಳಿಗಳು ಆಗಷ್ಟೇ ಕಬ್ಬಿಗೆ ಮರಳಿದ್ದವು, ಮತ್ತೆ ಎದ್ದುಹೋದವು.